ಒತ್ತಕ್ಷರ ಬರ್ತಿಲ್ಲ, ಕೆಟ್ಟಿರೋದು ನುಡಿಯಾ ಕೀಬೋರ್ಡಾ?

ಪ್ರಶ್ನೆ: ನಾನು ಮೂಡಿಗೆರೆ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಲ್ಯಾಪ್‌ಟಾಪಿಗೆ ನಾಲ್ಕು ವರ್ಷವಾಗಿದೆ. ಮಳೆ ಹಿಡಿದಾಗಿನಿಂದ, ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದಲ್ಲಿ ಒತ್ತಕ್ಷರ ಬರುತ್ತಿಲ್ಲ. 'ಅಮ್ಮ' ಎಂದು ಹೊಡೆದರೆ 'ಅಮಮ' ಆಗುತ್ತದೆ. ನುಡಿ ತೆಗೆದು ಮತ್ತೆ ಹಾಕಿದರೂ ಅದೇ ಕತೆ. ಈಗ ರ, ತ, ಗ ಕೂಡ ಕೈಕೊಡುತ್ತಿವೆ. ಬೆಳಿಗ್ಗೆ ತೊಂದರೆ ಜಾಸ್ತಿ, ಮಧ್ಯಾಹ್ನದ ಹೊತ್ತಿಗೆ ಸುಮಾರಾಗಿ ಸರಿಹೋಗುತ್ತದೆ. ಒಮ್ಮೊಮ್ಮೆ ಯಾರೋ ಎಂಟರ್ ಒತ್ತಿ ಹಿಡಿದಂತೆ ಸಾಲುಗಳು ಕೆಳಗೆ ಓಡುತ್ತವೆ. ಚಿಕ್ಕಮಗಳೂರಿನ ಒಂದು ಅಂಗಡಿಯಲ್ಲಿ ಮದರ್‌ಬೋರ್ಡ್ ಹೋಗಿದೆ ಎಂದರು. ಇನ್ನೊಂದು ಅಂಗಡಿಯಲ್ಲಿ ಕೀಬೋರ್ಡ್ ಬದಲಿಸಿದರೆ ಸಾಕು ಎಂದರು. ಯಾರನ್ನು ನಂಬಲಿ? ವಿಡಿಯೋ ನೋಡಿಕೊಂಡು ನಾನೇ ಕೀ ಕಿತ್ತು ಕ್ಲೀನ್ ಮಾಡಬಹುದಾ?

ಉತ್ತರ: ಮೇಷ್ಟ್ರೇ, ಮೊದಲು ನುಡಿಯ ಮೇಲಿನ ಅನುಮಾನ ಬಿಡಿ. ನುಡಿಯ ಕೀಲಿಮಣೆ ಕೆ. ಪಿ. ರಾವ್ ಅವರ ವಿನ್ಯಾಸದಿಂದ ಬಂದದ್ದು. ಅದರಲ್ಲಿ ಒತ್ತು ಕೊಡುವ ಕೆಲಸ ಇಂಗ್ಲಿಷಿನ ಎಫ್ ಕೀಯದ್ದು. ಎಂ, ಎಫ್, ಎಂ ಎಂದು ಒತ್ತಿದರೆ 'ಮ್ಮ' ಮೂಡುತ್ತದೆ. ನಡುವಿನ ಎಫ್ ಬೀಳದಿದ್ದರೆ 'ಮಮ' ಉಳಿಯುತ್ತದೆ. ರ ಇರುವುದು ಆರ್ ಕೀಯಲ್ಲಿ, ತ ಟಿಯಲ್ಲಿ, ಗ ಜಿಯಲ್ಲಿ. ಈ ನಾಲ್ಕೂ ಕೀಗಳು ಎಲ್ಲಿವೆ ಎಂದು ಒಮ್ಮೆ ನೋಡಿ. ಎಲ್ಲ ಒಂದೇ ಕಡೆ ಗುಂಪಾಗಿವೆ, ಅಲ್ವಾ? ಅಲ್ಲಿಗೆ ಅರ್ಧ ರೋಗ ಗೊತ್ತಾದ ಹಾಗೆ.

ಇನ್ನರ್ಧವನ್ನು ನೀವೇ ಕಂಡುಕೊಳ್ಳಬಹುದು. ನೋಟ್‌ಪ್ಯಾಡ್ ತೆರೆಯಿರಿ. ನುಡಿ ಆಫ್ ಮಾಡಿ. ಇಂಗ್ಲಿಷಿನಲ್ಲಿ 4, 5, ಆರ್, ಟಿ, ಎಫ್, ಜಿ, ವಿ, ಬಿ ಈ ಎಂಟು ಕೀಗಳನ್ನು ಒಂದೊಂದಾಗಿ ಒತ್ತಿ. ಬೆಳಿಗ್ಗೆ, ಯಂತ್ರ ತಣ್ಣಗಿರುವಾಗಲೇ ಮಾಡಿ. ನೀವು ಹೇಳಿದ ನಾಲ್ಕರ ಜೊತೆಗೆ ಉಳಿದ ನಾಲ್ಕರಲ್ಲೂ ಒಂದೆರಡು ತಡವರಿಸುತ್ತವೆ ಎಂದು ನನ್ನ ಅಂದಾಜು. ನೀವು ಟೈಪ್ ಮಾಡುವ ಪ್ರಶ್ನೆಪತ್ರಿಕೆಯಲ್ಲಿ 4 ಮತ್ತು 5 ಅಂಕದ ಪ್ರಶ್ನೆ ಕಡಿಮೆ ಇದ್ದರೆ ನಿಮಗೆ ಅದು ಗೊತ್ತೇ ಆಗಿರುವುದಿಲ್ಲ.

ಯಾಕೆ ಈ ಎಂಟೇ? ಲ್ಯಾಪ್‌ಟಾಪಿನ ಕೀಬೋರ್ಡಿನಲ್ಲಿ ಒಂದೊಂದು ಕೀಗೂ ಬೇರೆ ಬೇರೆ ತಂತಿ ಇರುವುದಿಲ್ಲ. ಅಡ್ಡಕ್ಕೆ ಒಂದಷ್ಟು ಗೆರೆ, ಉದ್ದಕ್ಕೆ ಒಂದಷ್ಟು ಗೆರೆ. ಅಡ್ಡ 8, ಉದ್ದ 16 ಇರುವುದು ತುಂಬ ಕಡೆ ಕಾಣುವ ಲೆಕ್ಕ. ಎರಡು ಗೆರೆ ಸೇರುವ ಜಾಗದಲ್ಲಿ ಒಂದು ಕೀ. ನೀವು ಕೀ ಒತ್ತಿದಾಗ ಆ ಎರಡು ಗೆರೆ ಮುಟ್ಟಿಕೊಳ್ಳುತ್ತವೆ. ಯಾವ ಅಡ್ಡ, ಯಾವ ಉದ್ದ ಎಂದು ನೋಡಿ ಒಳಗಿನ ಚಿಪ್ ಅಕ್ಷರ ಗುರುತಿಸುತ್ತದೆ. ಈ ಎಂಟು ಕೀಗಳು ಬಹಳಷ್ಟು ಕೀಬೋರ್ಡುಗಳಲ್ಲಿ ಒಂದೇ ಉದ್ದ ಗೆರೆಗೆ ಸೇರಿರುತ್ತವೆ. ಬೀದಿಯ ಕರೆಂಟ್ ಲೈನ್ ಒಂದು ಕಡೆ ಕಡಿದರೆ ಅದರಾಚೆಗಿನ ಮನೆಗಳೆಲ್ಲ ಕತ್ತಲಾಗುತ್ತವಲ್ಲ, ಹಾಗೇ ಇದು. ಆ ಮನೆಯ ಬಲ್ಬ್ ಬದಲಿಸಿ ಏನೂ ಸಿಗುವುದಿಲ್ಲ.

ಆದ್ದರಿಂದ ಕೀ ಕೀಳುವ ವಿಚಾರ ಕೈಬಿಡಿ. ಒಂದೇ ಒಂದು ಕೀ ಕೆಟ್ಟಿದ್ದರೆ, ಒತ್ತಿದಾಗ ಗಟ್ಟಿ ಅನಿಸುತ್ತಿದ್ದರೆ, ಕೆಳಗೆ ಹೋಗಿ ಮೇಲೆ ಬರದಿದ್ದರೆ, ಆಗ ಆ ಕೀ ಕೆಳಗೆ ಕಸವೋ ಬಿಸ್ಕತ್ತಿನ ಪುಡಿಯೋ ಇರಬಹುದು. ಬ್ರಷ್ಷಿನಲ್ಲಿ ಒರೆಸಿದರೆ, ಊದಿದರೆ ಹೋದೀತು. ನಿಮ್ಮ ಕೀಗಳು ಒತ್ತಲು ಚೆನ್ನಾಗಿಯೇ ಇವೆ, ಅಕ್ಷರ ಮಾತ್ರ ಬರುತ್ತಿಲ್ಲ. ತೊಂದರೆ ಮೇಲಿನ ಕೀಯದ್ದಲ್ಲ, ಅಡಿಯ ಗೆರೆಯದ್ದು. ಕೀಯ ಕೆಳಗೆ ಕತ್ತರಿಯಾಕಾರದ ಎರಡು ಸಣ್ಣ ಪ್ಲಾಸ್ಟಿಕ್ ಕ್ಲಿಪ್ ಇರುತ್ತವೆ. ನಾಲ್ಕು ವರ್ಷ ಹಳೆಯದಾದ ಮೇಲೆ ಅವು ಮುರಿಯುವುದೇ ಜಾಸ್ತಿ. ಇಲ್ಲದ ಇನ್ನೊಂದು ರಿಪೇರಿ ತಂದುಕೊಳ್ಳಬೇಡಿ.

ಈಗ ಬೆಳಿಗ್ಗೆ–ಮಧ್ಯಾಹ್ನದ ವಿಷಯ. ನಿಮ್ಮ ಪತ್ರದಲ್ಲಿ ನನಗೆ ತುಂಬ ಕೆಲಸಕ್ಕೆ ಬಂದ ಸಾಲು ಇದು. ಹಾಸನದಲ್ಲಿ ಕೂತು ರಿಪೇರಿ ಮಾಡುವವರಿಗೆ ಎರಡೂ ಕಡೆಯ ಯಂತ್ರ ಬರುತ್ತವೆ. ಅರಸೀಕೆರೆ ಕಡೆಯದ್ದನ್ನು ಬಿಚ್ಚಿದರೆ ಧೂಳು ಉದುರುತ್ತದೆ. ಸಕಲೇಶಪುರ, ಮೂಡಿಗೆರೆ, ಕಳಸದ ಕಡೆಯದ್ದರಲ್ಲಿ ತೇವ, ಕೆಲವೊಮ್ಮೆ ಬೂಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಟ್ಟಿಗೆಹಾರದ ಸುತ್ತಮುತ್ತ ಒಗೆದ ಬಟ್ಟೆಯೇ ಒಣಗುವುದಿಲ್ಲ. ರಾತ್ರಿಯಿಡೀ ಆ ಥಂಡಿಯಲ್ಲಿದ್ದ ಯಂತ್ರ ಬೆಳಿಗ್ಗೆ ತೇವ ಹೀರಿಕೊಂಡಿರುತ್ತದೆ. ಒಂದೆರಡು ತಾಸು ಓಡಿದರೆ ತನ್ನದೇ ಬಿಸಿಗೆ ಒಣಗುತ್ತದೆ. ಸಾಫ್ಟ್‌ವೇರ್ ತೊಂದರೆಗೆ ಬೆಳಿಗ್ಗೆ, ಮಧ್ಯಾಹ್ನ ಎಂಬ ಭೇದ ಇರುವುದಿಲ್ಲ. ಹಾಗಾಗಿ ಡ್ರೈವರ್ ತೆಗೆದು ಹಾಕುವುದು, ವಿಂಡೋಸ್ ಹೊಸದಾಗಿ ಹಾಕಿಸುವುದು ಯಾವುದೂ ಬೇಡ. ಯಾರಾದರೂ ಫಾರ್ಮ್ಯಾಟ್ ಮಾಡೋಣ ಎಂದರೆ ಲ್ಯಾಪ್‌ಟಾಪ್ ಎತ್ತಿಕೊಂಡು ಬನ್ನಿ.

ಆದರೆ ಬರೀ ಥಂಡಿಯಿಂದ ಇಷ್ಟಾಗುವುದು ಕಡಿಮೆ. ಇದರ ಹಿಂದೆ ಇನ್ನೇನೋ ಇರುತ್ತದೆ. ಸ್ವಲ್ಪ ನೆನಪು ಮಾಡಿಕೊಳ್ಳಿ: ಬೇಸಿಗೆಯಲ್ಲೋ ಕಳೆದ ವರ್ಷವೋ ಕೀಬೋರ್ಡಿನ ಮೇಲೆ ಕಾಫಿ ಚೆಲ್ಲಿತ್ತಾ? ಒಂದು ಚಮಚೆಯಷ್ಟೇ ಚೆಲ್ಲಿರಬಹುದು. ಒರೆಸಿದಿರಿ, ಯಂತ್ರ ಓಡಿತು, ಮರೆತಿರಿ. ಕೀಗಳ ಕೆಳಗೆ ಪ್ಲಾಸ್ಟಿಕ್ ಹಾಳೆಗಳಿರುತ್ತವೆ. ಮೇಲೊಂದು, ಕೆಳಗೊಂದು ಹಾಳೆಯಲ್ಲಿ ಬೆಳ್ಳಿ ಬೆರೆತ ಶಾಯಿಯಿಂದ ಗೆರೆ ಅಚ್ಚಾಗಿರುತ್ತದೆ. ನಡುವೆ ತೂತುಗಳಿರುವ ಇನ್ನೊಂದು ಹಾಳೆ. ಕಾಫಿ ಈ ಹಾಳೆಗಳ ನಡುವೆ ಇಳಿದರೆ ನೀರು ಆರಿಹೋಗುತ್ತದೆ, ಹಾಲು ಸಕ್ಕರೆ ಉಳಿಯುತ್ತದೆ. ಒಣ ಹವೆಯಲ್ಲಿ ಅದು ಸುಮ್ನೆ ಕೂತಿರುತ್ತದೆ. ಮಳೆಗಾಲ ಬಂದ ಕೂಡಲೇ ಆ ಸಕ್ಕರೆ ಗಾಳಿಯಿಂದ ತೇವ ಎಳೆದು ಅಂಟಾಗುತ್ತದೆ. ಎರಡು ಗೆರೆಗಳ ನಡುವೆ ಅಂಟು ಕೂತರೆ ಒತ್ತದೇ ಇದ್ದರೂ ಒತ್ತಿದಂತೆ ಆಗುತ್ತದೆ. ನಿಮ್ಮ ಎಂಟರ್ ತಾನಾಗಿ ಓಡುವುದಕ್ಕೆ ಇದು ಕಾರಣವಾಗಿರಬಹುದು. ಅದೇ ಅಂಟು ಗೆರೆಯನ್ನೇ ಮೆಲ್ಲಗೆ ತಿಂದು ಹಾಕಿದರೆ ಆ ಗೆರೆಯ ಕೀಗಳೆಲ್ಲ ಸಾಯುತ್ತವೆ. ನಿಮ್ಮ ಎಫ್, ಆರ್, ಟಿಗಳ ಕತೆ ಇದಾಗಿರಬಹುದು. ಫೆಬ್ರವರಿಯ ಕಾಫಿಗೆ ಜುಲೈನಲ್ಲಿ ದಂಡ ಕಟ್ಟುವವರು ನಮ್ಮ ಕಡೆ ಬಹಳ ಜನ. ಸಕ್ಕರೆ ಇಲ್ಲದ ಕಾಫಿ ಕುಡಿಯುವವರ ಕೀಬೋರ್ಡ್ ಸ್ವಲ್ಪ ಜಾಸ್ತಿ ಬಾಳುತ್ತದೆ, ಇದು ತಮಾಷೆಗಲ್ಲ.

ಕಾಫಿ ಚೆಲ್ಲಿಯೇ ಇಲ್ಲ ಎಂದಾದರೆ ಇನ್ನೊಂದು ಜಾಗ ನೋಡಬೇಕು. ಕೀಬೋರ್ಡಿನಿಂದ ಮದರ್‌ಬೋರ್ಡಿಗೆ ಹೋಗುವ ಚಪ್ಪಟೆ ರಿಬ್ಬನ್ ಕೇಬಲ್. ಇದರ ತುದಿಯಲ್ಲಿ ಸಾಲಾಗಿ ಸಣ್ಣ ಲೋಹದ ಪಟ್ಟಿಗಳಿರುತ್ತವೆ. ಅದರಲ್ಲಿ ಒಂದು ಪಟ್ಟಿಗೆ ಕಿಲುಬು ಹಿಡಿದರೆ, ಅಥವಾ ಕೇಬಲ್ ಕೂದಲೆಳೆಯಷ್ಟು ಓರೆಯಾದರೆ, ಆಗಲೂ ಒಂದು ಗುಂಪು ಕೀ ಮಾತ್ರ ಕೆಡುತ್ತವೆ. ನೋಡಲು ಎರಡೂ ಒಂದೇ ರೋಗ. ಆದರೆ ಈ ಎರಡನೆಯದು ಹೊಸ ಸಾಮಾನು ಬೇಡದ ರಿಪೇರಿ. ಕೇಬಲ್ ಬಿಡಿಸಿ, ಒರೆಸಿ, ನೇರವಾಗಿ ಕೂರಿಸಿದರೆ ಮುಗಿಯಿತು.

ಹಾಗಾದರೆ ಮದರ್‌ಬೋರ್ಡ್ ಹೋಗಿದೆ ಎಂದವರು ಸುಳ್ಳು ಹೇಳಿದರಾ? ಪೂರ್ತಿ ಸುಳ್ಳು ಎನ್ನಲಾರೆ. ಕೀಬೋರ್ಡಿನ ಗೆರೆಗಳನ್ನು ಓದುವ ಚಿಪ್ ಮದರ್‌ಬೋರ್ಡಿನ ಮೇಲೇ ಇರುತ್ತದೆ. ರಿಪೇರಿಯವರು ಅದನ್ನು ಐಓ ಚಿಪ್ ಎನ್ನುತ್ತಾರೆ. ಅದರ ಒಂದು ಕಾಲು ಸತ್ತರೂ ಇದೇ ಎಂಟು ಕೀ ಸಾಯಬಹುದು. ಅಪರೂಪ, ಆದರೆ ಆಗುತ್ತದೆ. ನನ್ನ ತಕರಾರು ಬೇರೆ. ಅವರು ಅದನ್ನು ಹೇಗೆ ಕಂಡುಹಿಡಿದರು? ಯುಎಸ್‌ಬಿ ಕೀಬೋರ್ಡ್ ಹಾಕಿ ನೋಡಿದೆವು ಎಂದರೆ ಅದು ಸಾಲದು. ಯುಎಸ್‌ಬಿ ಕೀಬೋರ್ಡಿನ ದಾರಿಯೇ ಬೇರೆ, ಅದು ಈ ಚಿಪ್ಪಿನ ಕಡೆ ಹೋಗುವುದೇ ಇಲ್ಲ. ಅದರಿಂದ ಗೊತ್ತಾಗುವುದು ವಿಂಡೋಸ್ ಚೆನ್ನಾಗಿದೆ ಎಂದು ಮಾತ್ರ. ಸರಿಯಾದ ಪರೀಕ್ಷೆ ಒಂದೇ: ನಿಮ್ಮ ಮಾಡೆಲ್ಲಿನದೇ ಇನ್ನೊಂದು ಕೀಬೋರ್ಡನ್ನು, ಹಳೆಯದಾದರೂ ಸರಿ, ಅದರ ರಿಬ್ಬನ್ ಕೇಬಲ್ಲಿನಿಂದ ಮದರ್‌ಬೋರ್ಡಿಗೆ ಸಿಕ್ಕಿಸಿ ನೋಡುವುದು. ಸ್ಕ್ರೂ ಹಾಕಿ ಕೂರಿಸುವುದೂ ಬೇಡ, ಮೇಲೆ ಇಟ್ಟು ಒತ್ತಿ ನೋಡಿದರೆ ಸಾಕು. ಆ ಕೀಬೋರ್ಡಿನಲ್ಲೂ ಅದೇ ಎಂಟು ಕೀ ಸತ್ತಿದ್ದರೆ ಮಾತ್ರ ಮದರ್‌ಬೋರ್ಡಿನ ಮಾತು. "ಬೇರೆ ಕೀಬೋರ್ಡ್ ಹಾಕಿ ನೋಡಿದ್ರಾ?" ಎಂದು ಕೇಳಿ. ಉತ್ತರ ಬರುವ ರೀತಿಯಲ್ಲೇ ಅಂಗಡಿಯ ಅಳತೆ ಸಿಗುತ್ತದೆ. ಹಾಗೊಮ್ಮೆ ಐಓ ಚಿಪ್ಪಿನದೇ ತೊಂದರೆ ಎಂದಾದರೂ ಇಡೀ ಮದರ್‌ಬೋರ್ಡ್ ಬದಲಿಸಬೇಕಿಲ್ಲ. ಆ ಚಿಪ್ ಒಂದನ್ನೇ ಬದಲಿಸುವ, ಅಂದರೆ ಚಿಪ್ ಲೆವೆಲ್ ಕೆಲಸ ಮಾಡುವವರು ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಇದ್ದಾರೆ.

ಅಂಗಡಿಗೆ ಹೋಗುವ ಮೊದಲು ಒಂದು ವಿಷಯ ಮಾತ್ರ ತಪ್ಪದೆ ನೋಡಿಕೊಳ್ಳಿ. ಲ್ಯಾಪ್‌ಟಾಪನ್ನು ಸಮತಟ್ಟಾದ ಮೇಜಿನ ಮೇಲಿಡಿ. ಅಲ್ಲಾಡುತ್ತದೆಯಾ? ಕೀಬೋರ್ಡಿನ ನಡುಭಾಗ ಉಬ್ಬಿದೆಯಾ? ಟಚ್‌ಪ್ಯಾಡ್ ಒತ್ತಲು ಗಟ್ಟಿಯಾಗಿದೆಯಾ? ಹೌದು ಎಂದಾದರೆ ಒಳಗಿನ ಬ್ಯಾಟರಿ ಊದಿಕೊಂಡು ಕೀಬೋರ್ಡನ್ನು ಕೆಳಗಿನಿಂದ ಒತ್ತುತ್ತಿದೆ. ನಾಲ್ಕು ವರ್ಷದ ಬ್ಯಾಟರಿಗೆ ಇದು ಆಗಬಹುದಾದದ್ದೇ. ಆಗ ಮೇಲಿನ ಮಾತೆಲ್ಲ ಪಕ್ಕಕ್ಕಿಡಿ. ಆಫ್ ಮಾಡಿ, ಚಾರ್ಜಿಗೆ ಹಾಕಬೇಡಿ, ಉಬ್ಬಿದ್ದನ್ನು ಒತ್ತಬೇಡಿ, ಚುಚ್ಚಬೇಡಿ. ಮೊದಲು ಬ್ಯಾಟರಿ ತೆಗೆಸಿ. ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಆರಿಸುವುದು ಕಷ್ಟ.

ಬ್ಯಾಟರಿ ಸರಿಯಿದೆ ಎಂದಾದರೆ ಮನೆಯಲ್ಲೇ ಒಣಗಿಸಿ ನೋಡಬಹುದು. ಖರ್ಚಿಲ್ಲದ ಕೆಲಸ. ಪೂರ್ತಿ ಆಫ್ ಮಾಡಿ. ಸ್ಲೀಪ್ ಅಲ್ಲ, ಶಟ್‌ಡೌನ್. ಚಾರ್ಜರ್ ಕಿತ್ತು, ಮುಚ್ಚಳ ತೆರೆದು ಫ್ಯಾನಿನ ಗಾಳಿಗೆ ಒಂದು ದಿನ ಇಡಿ. ಆಮೇಲೆ ಗಾಳಿಯಾಡದ ದೊಡ್ಡ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಎರಡು ದಿನ ಇಡಿ. ಶೂ ಡಬ್ಬದಲ್ಲಿ ಬರುವ ಪುಟ್ಟ ಪೊಟ್ಟಣ ಸಾಲದು, ಅರ್ಧ ಕಿಲೋದಷ್ಟು ಬೇಕು. ನೀಲಿ ಹರಳಿನದಾದರೆ ತೇವ ಕುಡಿದ ಮೇಲೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬಿಸಿ ಮಾಡಿದರೆ ಮತ್ತೆ ನೀಲಿ. ಆದರೆ ಆ ನೀಲಿ ಬಣ್ಣ ಕೋಬಾಲ್ಟಿನದು, ವಿಷ. ಅಡುಗೆ ಪಾತ್ರೆಯಲ್ಲಿ ಬಿಸಿ ಮಾಡಬೇಡಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಅಕ್ಕಿ ಮೂಟೆಯಲ್ಲಿ ಹೂತಿಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅಕ್ಕಿ ಎಳೆಯುವ ತೇವ ಅಷ್ಟಕ್ಕಷ್ಟೇ, ಅಕ್ಕಿಯ ಹುಡಿ ಮಾತ್ರ ಎಲ್ಲ ಸಂದಿಗೂ ಹೋಗುತ್ತದೆ. ಬಚ್ಚಲೊಲೆಯ ಪಕ್ಕ ಇಡುವುದೂ ಬೇಡ, ಪ್ಲಾಸ್ಟಿಕ್ ಬಾಗುತ್ತದೆ.

ಒಣಗಿದ ಮೇಲೆ ಎಂಟೂ ಕೀ ಸರಿಯಾಗಿ ಬಿದ್ದರೆ ಗೆರೆ ಇನ್ನೂ ಪೂರ್ತಿ ಕಡಿದಿಲ್ಲ ಎಂದರ್ಥ. ಮಳೆಗಾಲ ಮುಗಿಯುವವರೆಗೆ ದಿನಾ ಒಂದು ತಾಸಾದರೂ ಯಂತ್ರ ಓಡಿಸಿ. ಬೀರುವಿನಲ್ಲಿ ಬಟ್ಟೆ ಜೊತೆ ಇಡಬೇಡಿ. ಬೈಕಿನಲ್ಲಿ ನೆನೆದ ಬ್ಯಾಗಿನಿಂದ ತೆಗೆದ ಕೂಡಲೇ ಆನ್ ಮಾಡಬೇಡಿ. ಕೀಬೋರ್ಡಿನ ಮೇಲೆ ಹಾಸುವ ಸಿಲಿಕಾನ್ ಕವರ್ ಬಗ್ಗೆ ಜನ ಕೇಳುತ್ತಾರೆ. ಕಾಫಿಗೆ ಒಳ್ಳೆಯದು, ತೇವಕ್ಕೆ ಕೆಟ್ಟದ್ದು. ಮಲೆನಾಡಿನಲ್ಲಿ ರಾತ್ರಿ ಹೊತ್ತು ತೆಗೆದಿಡಿ.

ಒಣಗಿದರೂ ಬದಲಾವಣೆ ಇಲ್ಲ, ಅಥವಾ ಎರಡೇ ದಿನದಲ್ಲಿ ಮತ್ತೆ ಶುರುವಾಯಿತು ಎಂದರೆ ಬಿಚ್ಚಿಸಲೇಬೇಕು. ರಿಬ್ಬನ್ ಕೇಬಲ್ ಬಿಡಿಸಿ ಕೂರಿಸುವ ಕೆಲಸ ನೋಡಲು ಸುಲಭ. ಆದರೆ ಅದನ್ನು ಹಿಡಿದಿರುವ ಪ್ಲಾಸ್ಟಿಕ್ ಲಾಕ್ ಉಗುರಿನಷ್ಟು ತೆಳು. ಕೆಲವದರಲ್ಲಿ ಮೇಲೆತ್ತಬೇಕು, ಕೆಲವದರಲ್ಲಿ ಮುಂದೆ ಎಳೆಯಬೇಕು. ತಪ್ಪಾಗಿ ಮಾಡಿದರೆ ಮುರಿಯುತ್ತದೆ, ಆಗ ನಿಜವಾಗಿಯೂ ಮದರ್‌ಬೋರ್ಡ್ ರಿಪೇರಿ. ಬಿಚ್ಚಿ ಅಭ್ಯಾಸ ಇಲ್ಲದಿದ್ದರೆ ಅಂಗಡಿಯಲ್ಲೇ ಮಾಡಿಸಿ. "ಮೊದಲು ಸ್ಟ್ರಿಪ್ ಬಿಚ್ಚಿ, ಐಪಿಎ ಹಾಕಿ ಒರೆಸಿ, ಕೂರಿಸಿ ನೋಡಿ" ಎಂದು ಬಾಯಿಬಿಟ್ಟು ಹೇಳಿ. ಸ್ಟ್ರಿಪ್ ಎಂದರೆ ಅದೇ ರಿಬ್ಬನ್ ಕೇಬಲ್. ಐಪಿಎ ಎಂದರೆ ಐಸೊಪ್ರೊಪೈಲ್ ಆಲ್ಕೋಹಾಲ್, ನೀರು ಬೆರೆಯದ 99 ಶೇಕಡದ್ದು. ಕೈಗೆ ಹಾಕುವ ಸ್ಯಾನಿಟೈಜರ್ ಅದರ ಬದಲಿ ಅಲ್ಲ, ಅದರಲ್ಲಿ ಗ್ಲಿಸರಿನ್ ಇರುತ್ತದೆ, ಅಂಟು ಉಳಿಯುತ್ತದೆ. ಥಿನ್ನರ್ ಅಂತೂ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ.

ಅದಕ್ಕೂ ಬಗ್ಗದಿದ್ದರೆ ಹೊಸ ಕೀಬೋರ್ಡ್. ಒಳಗಿನ ಹಾಳೆಯನ್ನು ಬಿಡಿಸಿ ತೊಳೆದು ಮತ್ತೆ ಜೋಡಿಸುತ್ತೇವೆ ಎನ್ನುವವರಿದ್ದಾರೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಹಾಳೆಗಳು ಅಂಟಿಕೊಂಡಿರುತ್ತವೆ, ಬಿಡಿಸುವಾಗ ಗೆರೆಯೇ ಕಿತ್ತು ಬರುತ್ತದೆ.

ನಡುವೆ ಪ್ರಶ್ನೆಪತ್ರಿಕೆ ಕೆಲಸ ನಿಲ್ಲಬಾರದಲ್ಲ. ಒಂದು ಸಾದಾ ಯುಎಸ್‌ಬಿ ಕೀಬೋರ್ಡ್ ತಗೊಳ್ಳಿ, ನುಡಿ ಅದರಲ್ಲಿ ಮಾಮೂಲಿನಂತೆ ನಡೆಯುತ್ತದೆ. ಪಾಸ್‌ವರ್ಡಿನಲ್ಲಿ ಕೆಟ್ಟ ಕೀಯ ಅಕ್ಷರ ಇದ್ದು ಒಳಗೇ ಹೋಗಲಾಗದಿದ್ದರೆ, ಲಾಗಿನ್ ಪರದೆಯ ಬಲಗಡೆ ಕೆಳಮೂಲೆಯಲ್ಲಿ ಆಕ್ಸೆಸಿಬಿಲಿಟಿ ಚಿಹ್ನೆ ಇರುತ್ತದೆ. ಅದನ್ನು ಒತ್ತಿ ಆನ್ ಸ್ಕ್ರೀನ್ ಕೀಬೋರ್ಡ್ ಆರಿಸಿದರೆ ಪರದೆಯ ಮೇಲೇ ಕೀಬೋರ್ಡ್ ಮೂಡುತ್ತದೆ, ಮೌಸಿನಲ್ಲಿ ಒತ್ತಬಹುದು. ಒಳಗೆ ಹೋದ ಮೇಲೆ ಇದನ್ನೇ ತೆರೆಯಲು ವಿಂಡೋಸ್ ಕೀ, ಕಂಟ್ರೋಲ್, ಓ ಮೂರನ್ನೂ ಒಟ್ಟಿಗೆ ಒತ್ತಿ. ಆ ಪರದೆಯ ಕೀಬೋರ್ಡನ್ನು ತೆರೆದಿಟ್ಟುಕೊಂಡು ಕೈ ಮುಟ್ಟದೆ ನೋಡುತ್ತಾ ಕೂರಿ. ಎಂಟರ್ ತಾನಾಗಿ ಬೀಳುವಾಗ ಅಲ್ಲಿ ಎಂಟರ್ ಬಣ್ಣ ಬದಲಿಸುತ್ತದೆ. ಮೊಬೈಲಿನಲ್ಲಿ ಒಂದು ವಿಡಿಯೋ ಮಾಡಿಕೊಳ್ಳಿ, ಅಂಗಡಿಯಲ್ಲಿ ತೋರಿಸಲು ಬೇಕಾಗುತ್ತದೆ. ಮಧ್ಯಾಹ್ನ ಅಲ್ಲಿಗೆ ಹೋದಾಗ ಯಂತ್ರ ಒಳ್ಳೆಯ ಹುಡುಗನ ಹಾಗೆ ನಡೆದುಕೊಳ್ಳುತ್ತದೆ.

ನುಡಿ ಬಿಟ್ಟು ವಿಂಡೋಸಿನದೇ ಇನ್‌ಸ್ಕ್ರಿಪ್ಟ್ ಕನ್ನಡಕ್ಕೆ ಹೋದರೆ ಒತ್ತಕ್ಷರ ಸಿಗುತ್ತದಾ ಎಂಬ ಯೋಚನೆ ಬಂದಿರಬಹುದು. ಸಿಗುತ್ತದೆ, ಅಲ್ಲಿ ಒತ್ತು ಇರುವುದು ಡಿ ಕೀಯಲ್ಲಿ. ಆದರೆ ಎಫ್‌ನಲ್ಲಿ ಗುಡಿಸು ಇದೆ, ಜಿಯಲ್ಲಿ ಕೊಂಬು ಇದೆ, ವಿಯಲ್ಲಿ ನ ಇದೆ. ಒತ್ತು ಬಂದು ಗುಡಿಸು ಹೋದರೆ ನಿಮಗೆ ಲಾಭ ಏನೂ ಇಲ್ಲ.

ಇದನ್ನು ಓದುವ ಬೇರೆಯವರಿಗೆ ಎರಡು ಮಾತು, ಯಾಕೆಂದರೆ ಎಲ್ಲರದ್ದೂ ತೇವದ ರೋಗ ಅಲ್ಲ. ಯು, ಐ, ಓ ಒತ್ತಿದರೆ 4, 5, 6 ಬರುತ್ತಿದ್ದರೆ ನಮ್‌ಲಾಕ್ ಆನ್ ಆಗಿದೆ, ಅಷ್ಟೇ. ಕೀಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಮಾತ್ರ ಅಕ್ಷರ ಬರುತ್ತಿದ್ದರೆ ಫಿಲ್ಟರ್ ಕೀಸ್ ಆನ್ ಆಗಿರುತ್ತದೆ. ಬಲಗಡೆಯ ಶಿಫ್ಟನ್ನು 8 ಸೆಕೆಂಡ್ ಒತ್ತಿ ಹಿಡಿದರೆ ಅದನ್ನು ಆನ್ ಮಾಡಲೇ ಎಂದು ವಿಂಡೋಸ್ ಕೇಳುತ್ತದೆ, ಹೌದು ಎಂದು ಒತ್ತಿದರೆ ಚಾಲೂ ಆಗುತ್ತದೆ, ಮಕ್ಕಳಿರುವ ಮನೆಯಲ್ಲಿ ಮಾಮೂಲು. ಇಡೀ ಕೀಬೋರ್ಡೇ ಸತ್ತಿದ್ದರೆ ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿದು, ಬಿಟ್ಟು, ಮತ್ತೆ ಆನ್ ಮಾಡಿ ನೋಡಿ. ಈಗಷ್ಟೇ ಕಾಫಿ ಚೆಲ್ಲಿದ್ದರೆ ಏನನ್ನೂ ಸೇವ್ ಮಾಡುತ್ತಾ ಕೂರಬೇಡಿ. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ಚಾರ್ಜರ್ ಕಿತ್ತು, ಕೀಬೋರ್ಡ್ ಕೆಳಮುಖವಾಗುವ ಹಾಗೆ ಬೋರಲು ಹಾಕಿ, ಆನ್ ಮಾಡದೆ ಅಂಗಡಿಗೆ ಒಯ್ಯಿರಿ.

ಮತ್ತೆ ನಿಮ್ಮ ವಿಷಯಕ್ಕೆ. ಹೊಸ ಕೀಬೋರ್ಡ್ ಹಾಕಿಸುವುದೇ ಆದರೆ ಸಾಮಾನಿನ ದರ, ಕೂಲಿ ಎರಡನ್ನೂ ಬೇರೆ ಬೇರೆಯಾಗಿ ಕೇಳಿ. ಕೆಲವು ಮಾಡೆಲ್ಲುಗಳಲ್ಲಿ ಕೀಬೋರ್ಡ್ ಮೇಲಿನಿಂದಲೇ ಎದ್ದು ಬರುತ್ತದೆ, ಕೂಲಿ ಕಡಿಮೆ. ಈಗಿನ ಬಹಳಷ್ಟರಲ್ಲಿ ಇಡೀ ಯಂತ್ರ ಬಿಚ್ಚಿ, ಕರಗಿಸಿ ಕೂರಿಸಿದ ಪ್ಲಾಸ್ಟಿಕ್ ಗುಬುಟುಗಳನ್ನು ಒಡೆದು ತೆಗೆಯಬೇಕು. ಅಲ್ಲಿ ಕೂಲಿ ಜಾಸ್ತಿ ಕೇಳಿದರೆ ಅದು ನ್ಯಾಯವೇ. ಲ್ಯಾಪ್‌ಟಾಪಿನ ಹೆಸರು ಹೇಳಿ ಆರ್ಡರ್ ಮಾಡಬೇಡಿ. ಹಳೆಯ ಕೀಬೋರ್ಡಿನ ಹಿಂದಿರುವ ಪಾರ್ಟ್ ನಂಬರ್ ನೋಡಿಯೇ ತರಿಸಬೇಕು. ಒಂದೇ ಹೆಸರಿನ ಮಾಡೆಲ್ಲಿನಲ್ಲಿ ಲೈಟ್ ಇರುವುದು, ಇಲ್ಲದ್ದು, ಪವರ್ ಬಟನ್ ಕೀಬೋರ್ಡಿನಲ್ಲೇ ಇರುವುದು, ಬೇರೆ ಇರುವುದು ಹೀಗೆ ಬಗೆಬಗೆ ಇರುತ್ತವೆ. ಯಂತ್ರ ಕೊಡುವ ಮೊದಲು ಪ್ರಶ್ನೆಪತ್ರಿಕೆಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಯಂತ್ರದಿಂದ ಅಳಿಸಿಬಿಡಿ.

ಹಾಕಿದ ಮೇಲೆ ಅಂಗಡಿಯಲ್ಲೇ ಕೂತು ಪ್ರತಿಯೊಂದು ಕೀ ಒತ್ತಿ ನೋಡಿ. ಮೇಲಿನ ಸಾಲಿನ ವಾಲ್ಯೂಮ್, ಬ್ರೈಟ್‌ನೆಸ್ ಕೀ ಮರೆಯಬೇಡಿ. ಎರಡೂ ಶಿಫ್ಟ್ ಬೇರೆ ಬೇರೆ ಒತ್ತಿ. ಬಲಗಡೆಯ ಆಲ್ಟ್ ಹಿಡಿದು 4 ಒತ್ತಿ, ವಿಂಡೋಸ್ ಇಂಗ್ಲಿಷ್ ಇಂಡಿಯಾದಲ್ಲಿದ್ದರೆ ₹ ಬರಬೇಕು. ಬಿಲ್ಲಿನ ಮೇಲೆ ಕೀಬೋರ್ಡಿಗೆ ಎಷ್ಟು ತಿಂಗಳ ಗ್ಯಾರಂಟಿ ಎಂದು ಬರೆಸಿಕೊಳ್ಳಿ, ಹಳೆಯ ಕೀಬೋರ್ಡನ್ನೂ ಕೇಳಿ ತಗೊಂಡು ಬನ್ನಿ.